ಕತ್ತರಿಸದೆ ಉಳಿದ ಕೇಕು

ಡಾಗ್ನಿ ಲೌರಿಟ್ಸನ್ ೧೯೯೧ರ ಫೆಬ್ರವರಿ ೧೨ರಂದು ಪುಟ್ಟ ದ್ವೀಪವೊಂದರ ಮಾರ್ಸ್ಟಾಲ್ ಬಂದರಿನಲ್ಲಿ ಹುಟ್ಟಿದಳು. ಹಾಸಿಗೆಯಿಂದಲೇ ಕಾಣುತ್ತಿದ್ದ, ದೋಣಿಗಳನ್ನು ಎಚ್ಚರಿಸುವ ಮರಳುದಿಣ್ಣೆಯ ದೀಪವೇ ಅವಳಿಗೆ ಜೋಗುಳ: ಒಂದು ಕ್ಷಣ ಬೆಳಕು, ಮೂರು ಕ್ಷಣ ಕತ್ತಲು. ಆ ಕತ್ತಲಲ್ಲಿ ಸಮುದ್ರವು ಉಸಿರು ಬಿಗಿಹಿಡಿದು ಮಲಗಿರುತ್ತದೆಂದು ಮಗು ನಂಬಿತ್ತು. ಬೆಳೆದ ಮೇಲೂ ಆ ನಂಬಿಕೆ ಪೂರ್ತಿ ಕರಗಿರಲಿಲ್ಲ. ಅಂಥ ದೀಪಗಳಿಗೆ ಪ್ರೋಗ್ರಾಂ ಬರೆಯುವ ಊರಿನ ಪುಟ್ಟ ಕಚೇರಿಯನ್ನು ೨೦೧೭ರ ಸೆಪ್ಟೆಂಬರ್ ೧ರಂದು, ಮೂರು ತಿಂಗಳ ಪರೀಕ್ಷಾವಧಿಯ ಮೇಲೆ, ಅವಳು ಸೇರಿದಳು.

ಅಕ್ಟೋಬರ್ ೩೧ರ ಸಂಜೆ ಮಂಜಿನೊಳಗೆ ಆ ದೀಪ ರೆಪ್ಪೆ ಬಡಿಯುವುದನ್ನು ಮರೆತು ಒಂದೇ ಸಮನೆ ಉರಿಯಿತು. ಅದನ್ನು ಇನ್ನೊಂದು ದೋಣಿಯ ದೀಪವೆಂದುಕೊಂಡ ಮೀನುದೋಣಿಯೊಂದು ಮರಳಿನ ಮೇಲೇರಿ ಸಿಕ್ಕಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ.

ಕಾರಣ ಬೇಗ ತಿಳಿಯಿತು. ಕಚೇರಿಯ ಹಿರಿಯ ಐನರ್ ೧೯೯೪ರ ಮಾರ್ಚ್ ೮ರಂದು ಬರೆದ ಪ್ರೋಗ್ರಾಂನಲ್ಲಿ, ಕತ್ತಲೆಯ ಆ ಮೂರು ಕ್ಷಣ ಕಳೆಯಲೆಂದು ಯಂತ್ರ ಸುಮ್ಮನೆ ಅಂಕಿ ಎಣಿಸುತ್ತ ಕೂರುತ್ತಿತ್ತು. ಅದೇ ಪ್ರೋಗ್ರಾಂ ಹೊಸ ಪುಟ್ಟ ಚಿಪ್‌ನಲ್ಲಿ ಹಿಡಿಸಲೆಂದು ಡಾಗ್ನಿ ಕಂಪೈಲರ್‌ಗೆ ಅತಿ ಚುರುಕಿನ ಸೆಟ್ಟಿಂಗ್ ಕೊಟ್ಟಿದ್ದಳು. ಬರೆದದ್ದನ್ನು ಯಂತ್ರಭಾಷೆಗೆ ಇಳಿಸುವ ಆ ಕಂಪೈಲರ್, ಫಲವಿಲ್ಲದ ಎಣಿಕೆಯನ್ನು ಕಸವೆಂದು ಗುಡಿಸಿಹಾಕಿತ್ತು; ಅದರೊಡನೆ ಕತ್ತಲೂ ಹೋಗಿತ್ತು. ಸೆಟ್ಟಿಂಗನ್ನು ಹಿಂದಕ್ಕೆ ತಂದೊಡನೆ ದೀಪ ಮತ್ತೆ ಮಿಟುಕಿತು.

ಆ ಕಚೇರಿಯಲ್ಲೊಂದು ರೂಢಿಯಿತ್ತು: ತಪ್ಪು ಯಾರದೋ ಅವರು ಶುಕ್ರವಾರದ ಕಾಫಿಗೆ ಕೇಕು ತರಬೇಕು. ಕೇಕು ಕತ್ತರಿಸಿದ ಮೇಲೆ ಆ ತಪ್ಪಿನ ಮಾತನ್ನು ಯಾರೂ ಎತ್ತುವಂತಿಲ್ಲ.

ನವೆಂಬರ್ ೩ರ ಶುಕ್ರವಾರ ಮೇಜು ಬರಿದಾಗಿತ್ತು.

"ಏನಮ್ಮ, ಒಲೆ ಕೆಟ್ಟಿದ್ಯಾ?" ಎಂದ ಐನರ್. "ಇಪ್ಪತ್ಮೂರು ವರ್ಷ ಸರಿಯಾಗಿ ಮಿಟುಕಿದ ದೀಪ ಕಣೇ ಅದು. ನೀನು ಕೈ ಇಟ್ಟೆ, ಕಣ್ಣು ಬಿಟ್ಕೊಂಡು ಕೂತ್ಬಿಡ್ತು."

"ಸುಮ್ಮನೆ ಎಣಿಸು ಅಂದ್ರೆ ಅದ್ಯಾಕೆ ಎಣಿಸುತ್ತೆ, ಐನರ್? ಕಂಪೈಲರ್ ನಿಯಮದ ಪ್ರಕಾರಾನೇ ನಡ್ಕೊಂಡಿದೆ."

"ಹಾಗಾದ್ರೆ ಕಂಪೈಲರೇ ಕೇಕು ತರ್ಲಿ!"

ಯಜಮಾನ ಪ್ರೆಬೆನ್ ಆಮೇಲೆ ಅವಳನ್ನು ಕಿಟಕಿಯ ಬಳಿಗೆ ಕರೆದ. "ಒಂದು ಕೇಕು ತಂದು ಮುಗ್ಸಮ್ಮ. ಮೂವತ್ತನೇ ತಾರೀಖಿಗೆ ನಿನ್ನ ಅವಧಿ ಮುಗಿಯುತ್ತೆ. ಹಟಮಾರಿಯನ್ನ ಇಟ್ಕೊಳ್ಳೋದು ಕಷ್ಟ."

ಕೆಲಸ ಹೋದರೆ ದ್ವೀಪವನ್ನೇ ಬಿಡಬೇಕು. ಆ ದೀಪ ಕಾಣದ ಕಿಟಕಿಯ ಪಕ್ಕ ಮಲಗಬೇಕು. ಆದರೆ ಅದೇ ಪೊಳ್ಳು ಎಣಿಕೆ ಇನ್ನೂ ಹತ್ತು ದೀಪಗಳಲ್ಲಿ, ಮಂಜು ಕವಿದಾಗ ದೋಣಿಗಳಿಗೆ ಕೂಗುವ ಕೊಂಬಿನಲ್ಲಿ ಅಡಗಿತ್ತು. ಕೇಕು ಕತ್ತರಿಸಿ ಮಾತು ಮುಗಿದರೆ, ಮುಂದೆಂದೋ ಯಾರೋ ಮತ್ತೆ ಅದೇ ಸೆಟ್ಟಿಂಗ್ ಕೊಟ್ಟಾರು. ಅವಳ ಕನಸಿನಲ್ಲಿ ಸಮುದ್ರ ಎಂಟು, ಒಂಬತ್ತು ಎಂದು ಎಣಿಸುತ್ತ ನಡುವೆ ಅಂಕಿ ಮರೆಯುತ್ತಿತ್ತು.

ನವೆಂಬರ್ ೨೪ರಂದು ಅವಳು ಕಂದುಸಕ್ಕರೆಯ ಬ್ರುನ್ಸ್ವಿಯರ್ ಕೇಕು ತಂದು ಮೇಜಿನ ಮೇಲಿಟ್ಟಳು. ಐನರ್ ಚಾಕುವಿಗೆ ಕೈಚಾಚಿದ.

"ಕತ್ತರಿಸ್ಬೇಡಿ," ಎಂದಳು. "ನನ್ನ ತಪ್ಪಿದೆ. ಸೆಟ್ಟಿಂಗ್ ಬದಲಾಯ್ಸಿದ ಮೇಲೆ ದೀಪ ಹಚ್ಚಿ ನೋಡದೆ ದಿಣ್ಣೆಗೆ ಕಳಿಸ್ಬಿಟ್ಟೆ. ಆದ್ರೆ ಇದನ್ನ ಕತ್ತರಿಸಿದ್ರೆ ಮಾತು ಸತ್ತುಹೋಗುತ್ತೆ. ಉಳಿದ ಹತ್ತು ದೀಪದಲ್ಲೂ, ಕೊಂಬಿನಲ್ಲೂ ಇರೋ ಎಣಿಕೆ ಕಿತ್ತು, ಗಡಿಯಾರ ನೋಡಿ ಕಾಯೋ ಹಾಗೆ ಮಾಡೋವರೆಗೂ ಇದು ಹೀಗೇ ಇರ್ಲಿ."

"ಕೊಂಬಿನಲ್ಲೂ ಇದ್ಯಾ?" ಎಂದ ಐನರ್.

"ಬರೆದೋರು ನೀವಲ್ವಾ?"

ಐನರ್ ಕಿಟಕಿಯಾಚೆ ನೋಡಿದ. ಬಿಳಿಯ ಮಂಜು, ಎಲ್ಲಿಂದಲೋ ಕೊಂಬಿನ ದನಿ, ಮೌನ, ಮತ್ತೆ ದನಿ. ಆ ಮೌನವನ್ನು ತಾನೇ ಅಳೆದುಕೊಟ್ಟವನಂತೆ ತಲೆಯಾಡಿಸಿದ. ಆಮೇಲೆ ಕುರ್ಚಿಯನ್ನು ಅವಳ ಮೇಜಿಗೆ ಎಳೆದ. "ಜರುಗೇ. ನನ್ನ ಕೈಬರಹ ನಿನಗೆ ತಿಳಿಯೋದಿಲ್ಲ."

ನವೆಂಬರ್ ೨೯ರ ಬುಧವಾರ ಕಡೆಯ ದೀಪವೂ ಗಡಿಯಾರ ನೋಡಿ ಮಿಟುಕಿತು. ಕೇಕು ಕಲ್ಲಾಗಿತ್ತು. ಐನರ್ ಚಾಕು ಹಿಡಿದು, ಹಿಡಿಯ ಅರ್ಧವನ್ನು ಅವಳಿಗೆ ಬಿಟ್ಟ.

"ಮದುವೆ ಕೇಕಾ ಇದು?" ಎಂದು ಪ್ರೆಬೆನ್ ನಕ್ಕ. ಗಟ್ಟಿ ತುಂಡನ್ನು ಕಾಫಿಯಲ್ಲಿ ಅದ್ದುತ್ತ, ಯಾರ ಕಡೆಗೂ ನೋಡದೆ ಹೇಳಿದ: "ಡಾಗ್ನಿ, ಶುಕ್ರವಾರದ ಕಾಫಿ ಪುಡಿ ತರೋ ಸರದಿ ನಿಂದು. ಮರೀಬೇಡ."

ಆ ಶುಕ್ರವಾರ ಡಿಸೆಂಬರ್ ೧, ಅವಳ ಅವಧಿ ಮುಗಿದ ಮರುದಿನ.