ಉಸಿರಿಗೆ ಕೈಮುಗಿದವರು

ನಮ್ಮ ಹಟ್ಟಿಗೆ ಕರೆಂಟು ಬಂದ ವರ್ಷ ಮೊದಲು ಕೆಟ್ಟದ್ದು ನನ್ನ ನಾಲಿಗೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಅದು ತನ್ನಷ್ಟಕ್ಕೆ ಹೊರಳುತ್ತಿತ್ತು. ಉಣ್ಣೆ ನೂಲುತ್ತಾ ಕುಳಿತಾಗ ಅತ್ತೆ ಗದರುತ್ತಿದ್ದರು: "ಅದೇನೇ ಯಾವಾಗ್ಲೂ ಮೆಲುಕು ಆಕ್ತೀಯ, ಕುರಿ ಅಂಗೆ?" ನಾನೂ ನಗುತ್ತಿದ್ದೆ.

ಆಮೇಲೆ ಉಸಿರು ಕೆಟ್ಟಿತು.

ಮಾತಿನ ನಡುವೆ ಎದೆ ಬಿಗಿದು ಹೂಂಕಾರ ಬರುತ್ತಿತ್ತು. ಒಮ್ಮೆ ಗಬಗಬ ಎಳೆದುಕೊಳ್ಳುತ್ತಿದ್ದೆ, ಒಮ್ಮೆ ಎಳೆಯಲಿಕ್ಕೇ ಆಗುತ್ತಿರಲಿಲ್ಲ. ಮೈ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಶಿರಾದ ಡಾಕ್ಟರು ಆಸ್ತಮಾ ಎಂದು ಇಂಜೆಕ್ಷನ್ ಕೊಟ್ಟರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅತ್ತೆಗೆ ಮಾತ್ರ ಎಲ್ಲ ಕಂಡಿತು.

"ದ್ಯಾವ್ರು ಬಂದೈತೆ ಕಣ್ರಪ್ಪ!"

ಕುರಿ ಕಾಯುವ ನಮ್ಮ ಜನರಲ್ಲಿ ದೇವರು ಮೈಮೇಲೆ ಬರುವುದು ಹೀಗೆಯೇ, ಹೂಂಕರಿಸುತ್ತಾ, ತೂಗುತ್ತಾ. ಅರಿಸಿನ ಕುಂಕುಮ ಬಂತು, ನಿಂಬೆಹಣ್ಣು ಬಂತು. ಕಳೆದ ಕುರಿ, ನಿಂತ ಮದುವೆ, ಎಲ್ಲಕ್ಕೂ ನನ್ನನ್ನೇ ಕೇಳತೊಡಗಿದರು. ಇದು ದೇವರಲ್ಲ, ನೀರು ಕೊಡಿ ಎನ್ನಲು ನನಗೆ ಉಸಿರಿರಲಿಲ್ಲ. ನಾನು ಸಾಯುತ್ತಿದ್ದೆ, ಅವರು ಕೈಮುಗಿಯುತ್ತಿದ್ದರು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದರೆ ಅದಕ್ಕೂ ಅರ್ಥ ಹಚ್ಚಿದರು.

ನಮ್ಮ ಯಜಮಾನರು ಯಾರ ಮಾತೂ ಕೇಳದೆ ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿದರು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು, "ನಿದ್ದೆಯಲ್ಲೂ ಹೀಗೇ ಇರುತ್ತಾ?"

"ಇಲ್ಲ ತಾಯಿ, ಮನಿಕ್ಕೊಂಡ್ರೆ ಮಗೀನಂಗೆ ಉಸ್ರಾಡ್ತಾಳೆ," ಎಂದರು ಇವರು.

"ಮಾತ್ರೆ ಏನಾದರೂ ತಗೊಳ್ತಾರಾ?"

ಮಗಳು ಹುಟ್ಟಿದಾಗ ನನಗೆ ಬಾಣಂತಿ ಸನ್ನಿ ಬಡಿದಿತ್ತು. ಹಸುಗೂಸನ್ನು ಎತ್ತಿಕೊಂಡು ಬಾವಿಕಟ್ಟೆ ಹತ್ತಿದ್ದೆನಂತೆ. ಅಂದು ಬುದ್ಧಿ ನೆಟ್ಟಗಾಗಲೆಂದು ಕೊಟ್ಟ ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ನುಂಗಿದ್ದೆ. ಅದರದೇ ಸೈಡ್ ಎಫೆಕ್ಟ್ ಇದು ಎಂದರು ಡಾಕ್ಟರಮ್ಮ.

"ನಿಧಾನವಾಗಿ ಇಳಿಸೋಣ. ಪೂರ್ತಿ ಹೋಗುತ್ತೆ ಅಂತ ಹೇಳಲಾರೆ. ಹಳೇ ಕಾಯಿಲೆ ಮರಳಬಹುದು, ಕಣ್ಣಿಟ್ಟಿರಿ."

ಉಸಿರೋ, ಬುದ್ಧಿಯೋ.

ಮಾತ್ರೆ ಇಳಿಸಿದಾಗ ಮೊದಮೊದಲು ಉಸಿರು ಇನ್ನಷ್ಟು ಕೆಟ್ಟಿತು. ಮನೆಯವರು ಬಾವಿಗೆ ಹಲಗೆ ಮುಚ್ಚಿಸಿದರು. ಮಗಳನ್ನು ಅತ್ತೆ ತಮ್ಮ ಪಕ್ಕದಲ್ಲಿ ಮಲಗಿಸಿಕೊಳ್ಳತೊಡಗಿದರು. ಮಾಡಿದ್ದು ಸರಿಯೇ, ಆದರೂ ನನ್ನ ಹೊಟ್ಟೆ ಉರಿಯಿತು. ತಿಂಗಳುಗಳು ಕಳೆದ ಮೇಲೆ ಎದೆ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಸನ್ನಿ ಬಂದಿಲ್ಲ, ಇದುವರೆಗೆ. ನಾಲಿಗೆ ಮಾತ್ರ ಇನ್ನೂ ಹೊರಳುತ್ತದೆ.

ಮೊನ್ನೆ ಪಕ್ಕದ ಹಟ್ಟಿಯವನೊಬ್ಬ ನಿಂಬೆಹಣ್ಣು ಹಿಡಿದು ಬಂದು ಕುಕ್ಕರಿಸಿದ. "ತಾಯೀ, ನನ್ ಟಗರು ಎತ್ತಾಗೋಯ್ತು?"

"ನಂಗೊತ್ತಿಲ್ಲ ಕಣಪ್ಪ, ಎದ್ದೋಗಿ ಹುಡುಕ್ಕೋ. ನಿಂಬೆಣ್ಣು ಇಟ್ಟೋಗು, ಪಾನಕಕ್ಕಾಯ್ತದೆ."

ಒಂದೇ ಉಸಿರಿನಲ್ಲಿ ಹೇಳಿದ್ದೆ.

ಅತ್ತೆ ಒಳಗಿನಿಂದ ಬಂದು ನನ್ನ ಮುಖವನ್ನೇ ನೋಡಿದರು. ಅಂದು ಮಗಳ ಚಾಪೆಯನ್ನು ತಾವೇ ತಂದು ನನ್ನ ಪಕ್ಕದಲ್ಲಿ ಹಾಸಿದರು.