ಬಾಗಿಲಲ್ಲಿ ಪಾಸಾದ ಕೈ

ಇವತ್ತು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಿದ ಮೇಲೆ ನನ್ನ ಕೈಯನ್ನು ನಾನೇ ಎರಡು ಸಲ ಮೂಸಿ ನೋಡಿಕೊಂಡೆ. ಹಸಿ ಸೊಪ್ಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ವಯಸ್ಸಾದವನು ಕೈ ಮೂಸಿಕೊಂಡು ಬೀಗುವುದು ಕಂಡರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿಸಿಕೊಂಡು ನಗಿ.

ಹಂಪಾಪುರದ ನಮ್ಮ ಮನೆಯ ಒಳ್ಳೆಯ ಕೋಣೆ ರೇಷ್ಮೆ ಹುಳುಗಳದ್ದು. ಮನುಷ್ಯರಾದ ನಾವು ಜಗುಲಿಯಲ್ಲಿ ಮಲಗುತ್ತಿದ್ದೆವು. ಆ ಕೋಣೆಯಲ್ಲಿ ಅವ್ವನದೇ ದರ್ಬಾರು. ಅಪ್ಪ ಹೊಗೆಸೊಪ್ಪು ಬೆಳೆಯುವವರು, ನಾನು ಅವರ ಬಾಲ. ಸೊಪ್ಪು ಮುರಿದು ಬಂದರೆ ಇಬ್ಬರ ಕೈಗೂ ಕಪ್ಪು ಅಂಟು. ಅವ್ವ ಬಾಗಿಲಿಗೆ ಅಡ್ಡ ನಿಂತು ಕೈ ಮೂಸುತ್ತಿದ್ದಳು.

"ಅಪ್ಪ ಮಗ ಇಬ್ರೂವೆ ಅಲ್ಲೇ ನಿಂತ್ಕಳ್ಳಿ. ಒಗೆಸೊಪ್ಪು ಸೋಕಿದ್ರೆ ನನ್ ಉಳ ಸತ್ತೋಯ್ತವೆ ಕಣ್ರೀ."

ಸೋಪು, ಸೀಗೆಪುಡಿ, ಬೂದಿ ಎಲ್ಲದರಲ್ಲೂ ಉಜ್ಜಿದೆ. ಎಸ್ಸೆಸ್ಸೆಲ್ಸಿ ಪಾಸಾದೆ, ಆ ಬಾಗಿಲ ಪರೀಕ್ಷೆಯಲ್ಲಿ ಒಂದು ಸಲವೂ ಆಗಲಿಲ್ಲ. ಹುಳುಗಳು ಸೊಪ್ಪು ಮೇಯುವ ಸದ್ದನ್ನು ಹೊರಗೆ ಕೂತೇ ಕೇಳಿದವನು ನಾನು. ಆ ಬೇಸರ ಎಲ್ಲೋ ಉಳಿದುಕೊಂಡಿತ್ತು.

ಈಗ ಅವ್ವನೂ ಸೇರಿ ನಾವೆಲ್ಲ ಇರುವುದು ಕೃಷ್ಣರಾಜನಗರದಲ್ಲಿ. ಹುಳುವಿನ ಕೋಣೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ. ಇರುವುದು ಮಗಳು ರಶ್ಮಿ ಕಾಗದಪತ್ರವೆಲ್ಲ ಮಾಡಿಸಿ ಸಾಕಿರುವ, ಗಂಟಲ ಕೆಳಗೆ ಮುಳ್ಳುಗಡ್ಡವಿರುವ ಪರದೇಶದ ಓತಿಕ್ಯಾತ. ಹೆಸರು ದೊರೆ. ಕಳೆದ ತಿಂಗಳು ಅವಳು ತರಬೇತಿಗೆ ಹೊರಟಾಗ ಅದನ್ನು ನನಗೆ ಒಪ್ಪಿಸಿದಳು.

"ಅಪ್ಪ, ಅದರ ಎರಡು ಕಣ್ಣಿನ ಮಧ್ಯೆ ಎಷ್ಟು ಜಾಗ ಇದೆಯೋ ಅದಕ್ಕಿಂತ ದಪ್ಪ ಹುಳ ಹಾಕ್ಬೇಡ. ತಿನ್ನದೇ ಬಿಟ್ಟಿದ್ದನ್ನ ಒಳಗೆ ಉಳಿಸ್ಬೇಡ, ಅವೇ ದೊರೇನ ಕಚ್ತವೆ. ನಿನ್ನ ನಂಬಿದ್ದೀನಿ."

ಅವಳು ಹೋದ ದಿನದಿಂದಲೇ ದೊರೆಗೆ ಉಪವಾಸ. ಅವಳು ಡಬ್ಬಿಯಲ್ಲಿಟ್ಟು ಹೋದ ಹುಳು ಹಾಕುವುದು, ಅದು ಮುಖ ತಿರುಗಿಸುವುದು, ನಾನು ಹೆಕ್ಕಿ ತೆಗೆಯುವುದು. ಐದನೇ ದಿನ ಅದರ ಬಾಲದ ಬುಡ ಸೊರಗಿದಂತೆ ಕಂಡು ನನಗೆ ಊಟ ಸೇರಲಿಲ್ಲ. ಹೊಲದಲ್ಲಿ ಬೆಳೆದವನಿಗೆ ಹುಳು ಹಿಡಿಯುವುದು ಯಾರು ಹೇಳಿಕೊಡಬೇಕು ಎಂದು ಹುಣಸೂರು ರಸ್ತೆಯ ಗೆಳೆಯನ ಹೊಲಕ್ಕೆ ಹೋಗಿ, ಹಸಿರು ಮಿಡತೆಗಳನ್ನು ಬಾಟಲಿಯಲ್ಲಿ ತುಂಬಿಕೊಂಡು ಗೆದ್ದವನಂತೆ ಬಂದೆ.

ಮುಚ್ಚಳ ತಿರುಗಿಸುತ್ತಿದ್ದಂತೆ ಅವ್ವ ಮಂಚದಿಂದಲೇ ಕೇಳಿದಳು. "ಎಲ್ಲಿ ಇಡ್ಕಂಡ್ ಬಂದ್ಯೋ?"

"ಒಗೆಸೊಪ್ಪಿನ ಒಲದ ಬದೀಲಿ ಕಣವ್ವ."

"ಮುಚ್ಚೋ ಅದ! ಔಸ್ದಿ ಒಡ್ದಿರೋ ಒಲ, ಮಿಡ್ತೆ ಮೇದಿರದೂ ಅದೇ ಸೊಪ್ಪ. ಈ ಜೀವ ಓದ್ರೆ ಮಗಳಿಗೆ ಯಾವ ಮೊಕ ತೋರ್ಸೀಯೆ?"

ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿದೆ. ಇನ್ನು ಅರೆಗಳಿಗೆ ಕಳೆದಿದ್ದರೆ ಮಗಳ ನಂಬಿಕೆಯನ್ನು ನಾನೇ ಕೊಂದಿರುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವ್ವ ಫೋನು ಮಾಡಿಸಿದಳು. ಮಾರನೆಯ ದಿನ ಹಂಪಾಪುರದ ಚಿಕ್ಕಮ್ಮನ ಮಗ ಬುಟ್ಟಿಯಲ್ಲಿ ರೇಷ್ಮೆ ಹುಳುಗಳನ್ನೂ ಔಷಧಿ ಕಾಣದ ಸೊಪ್ಪನ್ನೂ ತಂದ. ಅವ್ವ ಎಳೆಯ, ಸಣ್ಣ ಹುಳುಗಳನ್ನೇ ಆರಿಸಿಟ್ಟು ದೊರೆಯಿರುವ ಕೋಣೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. "ಕೈ ತೋರ್ಸು." ಮೂಸಿದಳು. "ತೊಳ್ಕಂಡ್ ಬಾ." ತೊಳೆದು ಬಂದೆ. ಮತ್ತೆ ಮೂಸಿದಳು. "ಇನ್ನೊಂದ್ ಕಿತ." ಮೂರನೇ ಸಲ ಕೈ ಬಿಡಲಿಲ್ಲ, ಮೆಲ್ಲಗೆ ಸವರಿದಳು. "ಊಂ. ನೀನೇ ಆಕು."

ಒಂದು ಹುಳು ಇಟ್ಟೆ. ಅದು ತಲೆಯೆತ್ತಿ ಆಡಿಸಿತು. ದೊರೆ ಕತ್ತು ಓರೆ ಮಾಡಿ ನೋಡಿತು. ನಾಲಿಗೆ ಹೊರಬಂದದ್ದಷ್ಟೇ ಕಂಡಿತು, ಹುಳು ಮಾಯ! ಎರಡನೆಯದೂ ಮಾಯ, ಮೂರನೆಯದೂ ಮಾಯ. "ತಿಂತು ಕಣವ್ವೋ!" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಗಾಬರಿಯಿಂದ ಓಡಿಬಂದರು. ಅವರಿಗೂ ಕಾಫಿ ಮಾಡಿಸಿ ಕುಡಿಸಿದೆ. ನನ್ನ ಮದುವೆಯ ದಿನವೂ ಅಷ್ಟು ಖುಷಿಪಟ್ಟಿರಲಿಲ್ಲ. ಈ ಮಾತು ಮನೆಯವಳಿಗೆ ತಲುಪದಿರಲಿ.

ರಶ್ಮಿ ಬಂದು ವಾರವಾಯಿತು. ದೊರೆ ಮೈ ತುಂಬಿಕೊಂಡಿದೆ. ಹಂಪಾಪುರದಿಂದ ಹುಳುವೂ ಸೊಪ್ಪೂ ಬರುತ್ತಲೇ ಇವೆ. ಆದರೂ ಹುಳು ಹಾಕುವ ಕೆಲಸ ನನ್ನದೇ, ಅವ್ವನ ಅಪ್ಪಣೆ. ಇವತ್ತು ಬೆಳಿಗ್ಗೆ ಅಭ್ಯಾಸದಂತೆ ಹೊಸ್ತಿಲಲ್ಲಿ ಅವ್ವನ ಮುಂದೆ ಕೈ ಚಾಚಿದೆ. ಅವಳು ಮೂಸಲೇ ಇಲ್ಲ.

"ಓಗೋ ಒಳಕ್ಕೆ," ಎಂದಳು. "ದೊರೆ ಕಾಯ್ತಾ ಅವ್ನೆ."