ಚೌಕಟ್ಟಿನಡಿಯ ಪಾದಗಳು

ಅಲ್ಬೀನಾ ಕಾಡ್ಲೆಟ್ಸ್ ಕೊಟ್ಟ ಟೊಮೇಟೊ ಸಸಿ ಇಲ್ಲದ ಹಿತ್ತಲು ಆ ಊರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ನೆಬ್ರಾಸ್ಕದ ಚಳಿಗೆ ಮಾನ ಮರ್ಯಾದೆ ಇಲ್ಲ, ಏಪ್ರಿಲ್ ಕಳೆದರೂ ಹೋಗುವುದಿಲ್ಲ. ಆದರೂ ಮೇ ತಿಂಗಳಿಗೆ ಆಕೆಯ ಸಸಿಗಳು ಗೇಣುದ್ದ ಎದ್ದಿರುತ್ತಿದ್ದವು. ನೆಲದಲ್ಲಿ ತೋಡಿದ ಪಾತಿ, ಅಡಿಯಲ್ಲಿ ಕುದುರೆ ಗೊಬ್ಬರದ ಕಾವು, ಮೇಲೆ ಗಾಜಿನ ಮುಚ್ಚಳ. ಅಪ್ಪ ಕಲಿಸಿದ ವಿದ್ಯೆ.

ಬೊಹೀಮಿಯಾದಿಂದ ಬಂದ ಆ ಅಪ್ಪ ಗಾಜಿಗೆ ಕಾಸು ಬಿಚ್ಚುವ ಆಸಾಮಿಯಲ್ಲ. ಫೋಟೊ ತೆಗೆಯುವ ಅಬ್ನರ್ ವಿಕ್ಸ್ ಸತ್ತ ಮೇಲೆ ಅವನ ಹೆಂಡತಿ ಗಾಜಿನ ನೆಗೆಟಿವ್ ಫಲಕಗಳನ್ನೆಲ್ಲ ಹಳ್ಳಕ್ಕೆ ಸುರಿಯಲು ಹೊರಟಿದ್ದಳು. ಅಪ್ಪ ಎರಡು ಬಾತುಕೋಳಿ ಕೊಟ್ಟು ಅವನ್ನು ಗಾಡಿಗೆ ತುಂಬಿಸಿಕೊಂಡು ಬಂದ. ಒಂದೊಂದು ಗಾಜಿನಲ್ಲೂ ಒಂದೊಂದು ಸಂಸಾರ. ಮುಖ ಕಪ್ಪಗೆ, ತಲೆಗೂದಲು ಬೆಳ್ಳಗೆ, ಎಲ್ಲ ತಲೆಕೆಳಗು ಬಣ್ಣ. ಅಪ್ಪ ಅವನ್ನು ಹಾಗೆಯೇ ಮರದ ಚೌಕಟ್ಟಿಗೆ ಕೂರಿಸಿ ಪಾತಿ ಮುಚ್ಚಿದ. ಬಿಸಿಲು ಒಳಗಿಳಿಯದೆ ಸಸಿಗಳು ಹಳದಿ ತಿರುಗಿದವು.

"ಉಜ್ಜೇ, ಉಜ್ಜು! ಇವ್ರನ್ನೆಲ್ಲ ನೆರಳಲ್ಲಿ ಕೂರ್ಸಿ ಸಾಕೋದಕ್ಕೆ ನಾನೇನು ಛತ್ರ ಇಟ್ಟಿದೀನಾ?" ಎಂದು ಅಪ್ಪ ಒಂಬತ್ತು ವರ್ಷದ ಅಲ್ಬೀನಾಳ ಕೈಗೆ ಬ್ರಶ್ಶು, ಸೋಡಾ ಬೆರೆಸಿದ ನೀರಿನ ಬಕೆಟ್ಟು ಕೊಟ್ಟ. ಅವಳು ವಾರವಿಡೀ ಉಜ್ಜಿದಳು. ಮೂಲೆ ಸೀಳಿದ ಒಂದು ಗಾಜಿನಲ್ಲಿ ಅಂಗಳಕ್ಕೆ ಎಳೆದು ತಂದಿಟ್ಟ, ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ, ಅದರ ಮೇಲೊಂದು ಹೆಬ್ಬಾತು ಕೂತಿತ್ತು. ಪಕ್ಕದಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಹೆಬ್ಬಾತು ನೋಡಿ ಅವಳಿಗೆ ನಗು ಬಂತು. ನಗುತ್ತಲೇ ಉಜ್ಜಿ ತೊಳೆದಳು. ಆ ವರ್ಷ ಸಸಿಗಳು ಸೊಗಸಾಗಿ ಬಂದವು.

ಆಗ ಅವಳಿಗೆ ಜೆಕ್ ಮಾತು ಬಿಟ್ಟರೆ ಬೇರೆ ಬಾರದು. ಶಾಲೆಯಲ್ಲಿ ಹುಡುಗರು ಅಣಕಿಸುತ್ತಿದ್ದರು. ಟೀಚರ್ ಹೆಡ್ವಿಗ್ ಓಸ್ಟರ್‌ಗ್ರೆನ್ ಅವಳನ್ನು ತನ್ನ ಮೇಜಿನ ಪಕ್ಕವೇ ಕೂರಿಸಿಕೊಂಡು, ಊಟದ ಬಿಡುವಿನಲ್ಲೆಲ್ಲ ಓದು ಕಲಿಸಿದರು. ಕೈಹಿಡಿದು ಅಕ್ಷರ ತಿದ್ದಿಸಿದರು. ಆ ಉಪಕಾರವನ್ನು ಅಲ್ಬೀನಾ ಒಂದು ದಿನವೂ ಮರೆತವಳಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಟೀಚರ್ ಪಾಠದ ನಡುವೆ ಕಥೆ ಹೇಳಿದರು. ಅವರದು ಹುಲ್ಲಿನ ಬೇರುಸಹಿತ ಅಗೆದ ಮಣ್ಣಹೆಂಟೆ ಜೋಡಿಸಿ ಕಟ್ಟಿದ ಮನೆ. ಸ್ವೀಡನ್ನಿನ ನೆಂಟರು ಫೋಟೊ ನೋಡಿ ಬಡವರೆಂದು ಆಡಿಕೊಂಡಾರು ಎಂದು, ಫೋಟೊದವನು ಬಂದ ದಿನ ಅವ್ವ ಹಾರ್ಮೋನಿಯಂ ಹೊರಗೆ ಎಳೆಸಿದ್ದಳಂತೆ. ಹೆಬ್ಬಾತು ಅದರ ಮೇಲೇರಿ ಕೂತಿತಂತೆ. ಮಕ್ಕಳೆಲ್ಲ ಗೊಳ್ಳೆಂದರು. ಅಲ್ಬೀನಾ ನಗಲಿಲ್ಲ; ಆ ಹೆಬ್ಬಾತನ್ನು ಉಜ್ಜಿ ತೊಳೆದವಳು ಅವಳೇ. ಮರುವರ್ಷವೇ ತಮ್ಮ ಆಕ್ಸೆಲ್ ಗಂಟಲುಬೇನೆಗೆ ಹೋದ, ಆಮೇಲೆ ಹುಲ್ಲುಗಾವಲ ಬೆಂಕಿಯಲ್ಲಿ ಫೋಟೊವೂ ಹೋಯಿತು ಎಂದು ಟೀಚರ್ ಕಥೆ ಮುಗಿಸಿದರು.

ಅಂದು ನುಂಗಿದ ಮಾತು ಐವತ್ತೈದು ವರ್ಷ ಗಂಟಲಲ್ಲೇ ಉಳಿಯಿತು. ನಡುವೆ ಅಲ್ಬೀನಾ ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು, ಅಜ್ಜಿಯಾದಳು. ಪ್ರತಿ ಶನಿವಾರ ಗಸಗಸೆ ಹೂರಣದ ಕೊಲಾಚೆ ಬನ್ನು ಬೇಯಿಸಿ ಟೀಚರ್ ಮನೆಗೆ ಒಯ್ದಳು. ಅದಷ್ಟನ್ನು ಮಾತ್ರ ಹೇಳಲಿಲ್ಲ.

೧೯೬೭ರಲ್ಲಿ ರಾಜ್ಯಕ್ಕೆ ನೂರು ತುಂಬಿತು. ಚರ್ಚಿನ ಹಾಲಿನಲ್ಲಿ ಹಳೆಯ ಫೋಟೊಗಳ ಪ್ರದರ್ಶನ. ಯಾರ ಮನೆ ಅಟ್ಟದಲ್ಲಿ ಏನಿತ್ತೋ ಎಲ್ಲ ಹೊರಬಿತ್ತು. ಹೆಸರಿನ ಚೀಟಿ ಬರೆಯುವ ಕೆಲಸ ಅಲ್ಬೀನಾಳದು, ಅಕ್ಷರ ಮುತ್ತಿನಂಥದು ನೋಡಿ! ಎಂಬತ್ತೊಂದರ ಟೀಚರ್ ದಿನವೂ ಕೋಲೂರಿಕೊಂಡು ಬಂದು, ಒಂದೊಂದೇ ಫೋಟೊ ನೋಡಿ, ಬರಿಗೈಯಲ್ಲಿ ಕೂರುತ್ತಿದ್ದರು.

"ವಿಕ್ಸ್ ಗಾಜು ಎಲ್ಲಾದ್ರೂ ಇರ್ಬೇಕು ಕಣೆ. ಆಕ್ಸೆಲ್ ಮುಖ ಮರೆತುಹೋಗಿದೆ ನಂಗೆ. ಒಡಹುಟ್ಟಿದವನ ಮುಖ! ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು."

ಇನ್ನು ಸುಮ್ಮನಿದ್ದರೆ ತಾನು ಮನುಷ್ಯಳಲ್ಲ ಎನಿಸಿತು ಅಲ್ಬೀನಾಳಿಗೆ. ಹೇಳಿದರೆ ಟೀಚರ್ ಮನೆಯ ಬಾಗಿಲು ತನಗೆ ಮುಚ್ಚಿದಂತೆಯೇ ಎಂಬ ಭಯ ಬೇರೆ. ಮುಖವಂತೂ ಇಲ್ಲ, ಮುಖ ಇದ್ದ ಗಾಜನ್ನಾದರೂ ಒಯ್ದು ಕೈಗಿಟ್ಟು ಬೈಸಿಕೊಳ್ಳೋಣ ಎಂದುಕೊಂಡು ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದಳು. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಆ ಚೌಕಟ್ಟುಗಳು ಅಲ್ಲಿಯೇ ಗೋಡೆಗೊರಗಿ ಧೂಳು ತಿನ್ನುತ್ತಿದ್ದವು. ಮೂಲೆ ಸೀಳಿದ ಆ ಗಾಜು ಯಾವುದೆಂದು ಅವಳು ಹುಡುಕಬೇಕಾಗಿರಲಿಲ್ಲ.

ಮೊಳೆ ಕಿತ್ತು ಕೆಳಗಿನ ಪಟ್ಟಿ ಎಬ್ಬಿಸಿದಳು. ಪಟ್ಟಿಯಡಿ ಬ್ರಶ್ಶು ಎಂದೂ ತಾಗದ ಅರ್ಧ ಅಂಗುಲ ಚಿತ್ರ ಕಪ್ಪಗೆ ಉಳಿದಿತ್ತು. ಅಲ್ಬೀನಾ ಅದನ್ನು ಬೆಳಕಿಗೆ ಹಿಡಿದಳು. ಹಿಡಿದವಳೇ ಮೇವಿನ ತೊಟ್ಟಿಯ ಮೇಲೆ ಕುಸಿದು ಕೂತು ಅತ್ತಳು.

ಪೇಟೆಯ ಸ್ಟುಡಿಯೊದವನು ಅದನ್ನು ಕಾಗದಕ್ಕಿಳಿಸಿ ದೊಡ್ಡದು ಮಾಡಿ ಕೊಟ್ಟ. ಶನಿವಾರ ಕೊಲಾಚೆಯ ಬುಟ್ಟಿಯ ಜೊತೆ ಅದನ್ನೂ ಒಯ್ದು, ಟೀಚರ್ ಎದುರು ನಿಂತೇ ಎಲ್ಲ ಒದರಿದಳು. ಬಕೆಟ್ಟು, ಬ್ರಶ್ಶು, ಹೆಬ್ಬಾತು ನೋಡಿ ನಕ್ಕದ್ದು, ಯಾವುದನ್ನೂ ಬಿಡಲಿಲ್ಲ.

ಟೀಚರ್ ಕನ್ನಡಕ ಏರಿಸಿ ಪಟವನ್ನು ಹತ್ತಿರ ಹಿಡಿದರು. ಬರೀ ಕಾಲುಗಳು. ಅಪ್ಪನ ಬೂಟು, ಅವ್ವನ ಲಂಗದ ಅಂಚು, ಹಾರ್ಮೋನಿಯಮ್ಮಿನ ತುಳಿಮಣೆ, ಹುಡುಗಿಯೊಬ್ಬಳ ಬಿಗಿದ ಬೂಟು. ಕೊನೆಯಲ್ಲಿ ಎರಡು ಪುಟ್ಟ ಬರಿಗಾಲು, ಒಂದರ ಮೇಲೊಂದು.

"ನೆಟ್ಟಗೆ ನಿಲ್ಲೋ ಅಂದ್ರೆ ನಿಂತವನೇ ಅಲ್ಲ," ಎಂದರು ಟೀಚರ್. "ಸದಾ ಹಿಂಗೇ, ಒಂದು ಕಾಲ್ಮೇಲೆ ಇನ್ನೊಂದು. ಅವ್ವ ಗದರಿಸ್ತಾನೇ ಇದ್ಲು. ಅಯ್ಯೋ, ಇದೊಂದೇ ಕಣೆ ನಂಗೆ ಮರೀದೇ ಇರೋದು. ಬಂದ್ಯಾ, ಪುಟ್ಟ?"

ಬೆರಳಿನಿಂದ ಆ ಪಾದಗಳನ್ನು ಸವರಿದರು. ಅಲ್ಬೀನಾ ತಲೆ ಎತ್ತಲಿಲ್ಲ.

"ಕೂತ್ಕೊಳ್ಳೇ. ಬೆಂಚಿನ ಮೇಲೆ ನಿಲ್ಸಿಲ್ಲ ನಿನ್ನ."

"ನಾನೇ ಉಜ್ಜಿದ್ದು, ಟೀಚರ್."

"ಕೇಳಿಸ್ತು, ಕಿವುಡಿ ಅಲ್ಲ ನಾನು. ನಿಮ್ಮಪ್ಪ ಆ ಬಾತುಕೋಳಿ ಕೊಡ್ದೆ ಹೋಗಿದ್ರೆ ಇದು ಹಳ್ಳದಲ್ಲಿ ಚೂರು ಚೂರಾಗಿರ್ತಿತ್ತು. ಬುಟ್ಟೀಲಿ ಏನಿದೆ, ಗಸಗಸೆಯದೇ? ತೆಗಿ. ಕೈತೊಳ್ಕೊಂಡು ಬಂದು ಚೀಟಿ ಬರಿ. ಸೋಮವಾರ ಇದು ಗೋಡೆ ಮೇಲೆ ಇರ್ಬೇಕು."

ಅಲ್ಬೀನಾ ಬರೆಯಲು ಕೂತಳು. ಟೀಚರ್ ಎಡದಿಂದ ಒಂದೊಂದೇ ಹೆಸರು ಹೇಳಿ ಬರೆಸಿದರು. ಕೊನೆಗೆ ಆಕ್ಸೆಲ್, ನಾಲ್ಕು ವರ್ಷ.

"ಕೆಳಗೆ ಬರಿ. ಈ ಪಟ ಉಳಿಸಿಕೊಟ್ಟವರು, ಅಲ್ಬೀನಾ ಕಾಡ್ಲೆಟ್ಸ್."

ಪೆನ್ನು ನಿಂತಿತು. "ಅದು ಸುಳ್ಳಾಗತ್ತೆ, ಟೀಚರ್. ಅಳಿಸಿದವ್ಳು ನಾನು."

"ಹಾಗಾದ್ರೆ ಎರಡೂ ಬರಿ," ಎಂದರು ಟೀಚರ್, ಕೊಲಾಚೆ ಮುರಿಯುತ್ತ. "ಅಕ್ಷರ ದುಂಡಗಿರ್ಲಿ."

ಆ ಚೀಟಿ ಚರ್ಚಿನ ಹಾಲಿನಲ್ಲಿ ವರ್ಷವಿಡೀ ಇತ್ತು. ಅಳಿಸಿದವಳೂ ಉಳಿಸಿದವಳೂ ಅಲ್ಬೀನಾ ಕಾಡ್ಲೆಟ್ಸ್ ಎಂದು, ದುಂಡನೆಯ ಅಕ್ಷರದಲ್ಲಿ.